ಪರರ ಯುದ್ಧದಲ್ಲಿ ಸತ್ತವನ ಹೆಸರೂ ಊರಿನಲ್ಲಿರಲಿ

ಸಾದಲಿ ಹೋಬಳಿಯ ಮಹಾಜನರೇ,

1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಸವಾರರು ಪ್ಯಾಲೆಸ್ಟೀನಿನ ಕಾರ್ಮೆಲ್ ಬೆಟ್ಟದ ಫಿರಂಗಿಗಳ ಮೇಲೆ ನುಗ್ಗಿದರು. ಜೋಧಪುರದ ಪಡೆ ಹೈಫಾ ಊರಿನತ್ತ ಕುದುರೆ ಓಡಿಸಿತು. ಅಂದೇ ಊರು ಕೈವಶವಾಯಿತು. ಇದರ ನೆನಪಿಗೆ ದೆಹಲಿಯಲ್ಲಿ ಮೂರು ಪ್ರತಿಮೆಗಳಿವೆ, 2018ರಲ್ಲಿ ಅವು ನಿಂತಿರುವ ವೃತ್ತಕ್ಕೆ ಹೈಫಾದ ಹೆಸರೂ ಸೇರಿತು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಒಂದು ಸ್ಮಾರಕವಿದೆ. ಇವೆಲ್ಲ ಪಡೆಗೆ ಸಂದ ಗೌರವ. ಆದರೆ ಮೊದಲ ಮಹಾಯುದ್ಧದಲ್ಲಿ ಮಡಿದ ಸುಮಾರು 74,000 ಭಾರತೀಯ ಸೈನಿಕರಲ್ಲಿ ಬಹುತೇಕರು ಹಳ್ಳಿಯ ಮಕ್ಕಳು. ಅಂಥವರ ಹೆಸರು ಅವರವರ ಊರಿನಲ್ಲೇ ಇರಬೇಕೆಂಬುದು ನಮ್ಮ ವಾದ.

ಬಿಳಿಯರ ಸಂಬಳಕ್ಕೆ ಹೋದವರಿಗೆ ನೆನಪಿನ ಕಲ್ಲು ಯಾಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಣ್ಣದಲ್ಲ. ಐರ್ಲೆಂಡೂ ಇದೇ ಪ್ರಶ್ನೆಯಲ್ಲಿ ದಶಕಗಳ ಕಾಲ ಒದ್ದಾಡಿತು. ಸ್ಲೇನ್ ಎಂಬ ಹಳ್ಳಿಯ ಫ್ರಾನ್ಸಿಸ್ ಲೆಡ್ವಿಜ್ ರಸ್ತೆ ಕೆಲಸ ಮಾಡಿ ಬದುಕಿದ ಕವಿ, ತನ್ನ ದೇಶದ ಸ್ವಾತಂತ್ರ್ಯ ಬಯಸಿದವನು. ಆದರೂ 1914ರಲ್ಲಿ ಬ್ರಿಟಿಷ್ ಸೈನ್ಯ ಸೇರಿದ. ಬ್ರಿಟಿಷರ ವಿರುದ್ಧದ 1916ರ ಡಬ್ಲಿನ್ ದಂಗೆಯ ನಂತರ ಅದೇ ಬ್ರಿಟಿಷರು ಅವನ ಗೆಳೆಯ ಥಾಮಸ್ ಮ್ಯಾಕ್‌ಡೊನಾನನ್ನು ಗುಂಡಿಟ್ಟು ಕೊಂದರು. ಲೆಡ್ವಿಜ್ ಗೆಳೆಯನಿಗಾಗಿ ಶೋಕಗೀತೆ ಬರೆದ, ಸಮವಸ್ತ್ರ ಮಾತ್ರ ಬಿಚ್ಚಲಿಲ್ಲ. 1917ರ ಜುಲೈ 31ರಂದು ಬೆಲ್ಜಿಯಮ್ಮಿನಲ್ಲಿ ರಸ್ತೆ ಹಾಕುತ್ತಿದ್ದಾಗ (ಊರಲ್ಲಿ ಮಾಡಿದ ಕೆಲಸವೇ!) ಶೆಲ್ ಬಿದ್ದು ಸತ್ತ. ಆಗ ಅವನಿಗೆ 29 ವರ್ಷ. ಇವನು ದ್ರೋಹಿಯೋ ದೇಶಭಕ್ತನೋ? ಒಂದೇ ಪದದಲ್ಲಿ ತೀರ್ಪು ಕೊಡಹೊರಟರೆ ಮನುಷ್ಯನೇ ಕೈತಪ್ಪುತ್ತಾನೆ. 1998ರ ನವೆಂಬರ್ 11ರಂದು ಐರ್ಲೆಂಡಿನ ಅಧ್ಯಕ್ಷೆ ಮೇರಿ ಮೆಕಲೀಸ್ ಬೆಲ್ಜಿಯಮ್ಮಿನ ಮೆಸಿನ್ಸ್‌ನಲ್ಲಿ ಬ್ರಿಟಿಷ್ ರಾಣಿಯ ಜೊತೆ ನಿಂತು ಅಂಥವರ ಸ್ಮಾರಕವನ್ನು ಉದ್ಘಾಟಿಸಿದರು. ಅದರಿಂದ ಐರ್ಲೆಂಡಿನ ಸ್ವಾತಂತ್ರ್ಯಕ್ಕೇನೂ ಕುಂದಾಗಲಿಲ್ಲ. ನಮ್ಮವರ ಮಾತಿಗೆ ಬಂದರೆ, ಸಂಬಳಕ್ಕೆ ಹೋಗುವುದು ಬಡವನ ತಪ್ಪಲ್ಲ.

ಇದು ಯುದ್ಧದ ವೈಭವೀಕರಣವಾಗುತ್ತದೆ ಎಂಬ ಇನ್ನೊಂದು ಆಕ್ಷೇಪವೂ ಇದೆ. ಕೋಲಾರ ಸೀಮೆಯಲ್ಲಿ ಹೇರಳವಾಗಿ ಸಿಗುವ ವೀರಗಲ್ಲುಗಳನ್ನು ನೋಡಿ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಶಾಸನವಿದ್ದರೆ ಸತ್ತವನ ಹೆಸರು. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವನಿಗೂ ಕಲ್ಲು ನಿಂತಿದೆ. ಅವನು ಯಾವ ಅರಸನ ಪರ ಹೋರಾಡಿದ ಎಂದು ಲೆಕ್ಕ ಹಾಕಿ ನಾವು ಇಂದು ಆ ಕಲ್ಲನ್ನು ಕೀಳುವುದಿಲ್ಲ. ಈಗ ಬೇಕಿರುವುದು ಅಪ್ಸರೆಯರೂ ಅಲ್ಲ, ತುತ್ತೂರಿಯೂ ಅಲ್ಲ. ಹೆಸರು, ತಂದೆಯ ಹೆಸರು, ಸತ್ತ ಜಾಗ, ವರ್ಷ, ಅಷ್ಟೇ.

ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿ. ಮನೆಯ ಹಳೇ ಟ್ರಂಕಿನಲ್ಲಿರುವ ಪಿಂಚಣಿ ಕಾಗದ, ಬಿಡುಗಡೆ ಪತ್ರ ತೆಗೆದು ನೋಡಿ. ಆ ಯುದ್ಧದ ಬೆಳ್ಳಿ ಪದಕ ಸಿಕ್ಕರೆ ತೂಕಕ್ಕೆ ಮಾರಿ ಕರಗಿಸಬೇಡಿ. ಅದರ ಅಂಚಿನಲ್ಲಿ ಸೈನಿಕನ ಹೆಸರು, ಪಡೆ ಅಚ್ಚಾಗಿರುತ್ತವೆ. ಓದಿ, ಪಂಚಾಯಿತಿಯಲ್ಲಿ ಬರೆಸಿ.