ಔಷಧ ಪಂಪಿಗಿರುವ ಮರ್ಯಾದೆ ಸ್ಟವ್ವಿಗೂ ಇರಲಿ



ಮೇ ತಿಂಗಳು ಮುಗಿಯುತ್ತ ಬಂದಿತೆಂದರೆ ಅಡಿಕೆ ತೋಟವಿರುವ ಪ್ರತಿ ಮನೆಯಲ್ಲಿಯೂ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಔಷಧ ಹೊಡೆಯುವ ಪಂಪು ಮೂಲೆಯಿಂದ ಅಂಗಳಕ್ಕೆ ಬರುತ್ತದೆ. ವಾಶರ್ ಬಿಚ್ಚಿ ನೋಡುತ್ತೇವೆ, ನಾಜಲ್ ತೊಳೆಯುತ್ತೇವೆ, ವಾಲ್ವು ಸೋರುತ್ತದೆಯೇ ಎಂದು ಪರೀಕ್ಷಿಸುತ್ತೇವೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ದಿನ ಪಂಪು ಕೈಕೊಟ್ಟರೆ ವರ್ಷದ ಫಸಲೇ ಹೋದೀತೆಂಬ ಭಯ ನಮಗಿದೆ. ಈ ಭಯ ಯೋಗ್ಯವಾದದ್ದೇ.

ಅದೇ ದಿನಗಳಲ್ಲಿ ಅಟ್ಟದ ಮೇಲಿಂದ ಇನ್ನೊಂದು ಯಂತ್ರವೂ ಕೆಳಗಿಳಿಯುತ್ತದೆ. ಅದು ಸೀಮೆಎಣ್ಣೆಯ ಸ್ಟವ್. ಅದಕ್ಕೆ ಸಿಗುವ ಉಪಚಾರವೇನು? ಹರಕು ಅರಿವೆಯಿಂದ ಧೂಳು ಒರೆಸಿ, ಹಳೆಯ ಡಬ್ಬಿಯ ತಳದಲ್ಲಿದ್ದ ಎಣ್ಣೆ ಸುರಿದು, ಕಡ್ಡಿ ಗೀರುವುದು. ಅಷ್ಟೇ. ಪಂಪು ಗಂಡಸರ ಕೈಯಲ್ಲಿರುವ ಯಂತ್ರ, ಸ್ಟವ್ ಹೆಣ್ಣುಮಕ್ಕಳ ಕೈಯಲ್ಲಿರುವ ಯಂತ್ರ. ಉಪಚಾರದಲ್ಲಿ ಇಷ್ಟು ಅಂತರವಿರಲು ಇದೇ ಕಾರಣವೆಂದು ನಾವು ಹೇಳಿದರೆ ಕೆಲವರಿಗೆ ಸಿಟ್ಟು ಬಂದೀತು. ಬೇರೆ ಕಾರಣವಿದ್ದರೆ ಅವರೇ ಹೇಳಲಿ.

'ಗ್ಯಾಸು ಬಂದ ಮೇಲೆ ಸ್ಟವ್ವಿನ ಮಾತೇಕೆ?' ಎಂದು ಕೇಳುವವರಿದ್ದಾರೆ. 2016ರಲ್ಲಿ ಉಜ್ವಲಾ ಯೋಜನೆ ಪ್ರಾರಂಭವಾದಂದಿನಿಂದ ಬಡವರ ಮನೆಗೂ ಸಿಲಿಂಡರ್ ಬಂದಿರುವುದು ನಿಜ. ಆದರೆ ದೇವಿಕೊಪ್ಪದಂಥ ಅರೆಮಲೆನಾಡಿನ ಊರುಗಳಲ್ಲಿ ಮಳೆಗಾಲವೆಂದರೇನೆಂದು ಸದಸ್ಯರಿಗೆ ಹೇಳಬೇಕಾಗಿಲ್ಲ. ರಸ್ತೆಗೆ ಮರ ಬಿದ್ದಾಗ, ಹಳ್ಳ ತುಂಬಿದಾಗ, ಕರೆಂಟಿಲ್ಲದೆ ಎರಡು ದಿನ ಕಳೆದಾಗ, ಸಿಲಿಂಡರ್ ಖಾಲಿಯಾದ ಮನೆಗೆ ಆಧಾರವಾಗುವುದು ಈ ಸ್ಟವ್ವೇ, ಕಟ್ಟಿಗೆಯಾದರೂ ಒದ್ದೆಯಾಗಿರುತ್ತದೆ. ತೋಟದ ಕೆಲಸಕ್ಕೆ ಹೊರಗಿನಿಂದ ಬಂದು ನಾವು ಕೊಟ್ಟ ಕೋಣೆಯಲ್ಲಿ ಇರುವ ಕುಟುಂಬಗಳಿಗಂತೂ ಇದರ ಅಗತ್ಯ ಇನ್ನೂ ಹೆಚ್ಚು. ದಿನಾಲೂ ಬಳಸುವ ಸ್ಟವ್ವಿಗಿಂತ ವರ್ಷಕ್ಕೆ ಹದಿನೈದು ದಿನ ಬಳಸುವ ಸ್ಟವ್ವೇ ಹೆಚ್ಚು ಅಪಾಯಕಾರಿ. ಅದರ ವಾಶರ್ ಒಣಗಿರುತ್ತದೆ, ಬತ್ತಿ ಅಂಟಾಗಿರುತ್ತದೆ, ಬಳಸುವವರಿಗೆ ರೂಢಿ ತಪ್ಪಿರುತ್ತದೆ.

ಪಂಪ್ ಸ್ಟವ್ವನ್ನು ಔಷಧ ಪಂಪಿನ ತಮ್ಮನೆಂದೇ ತಿಳಿಯಿರಿ. 1892ರ ಸುಮಾರಿಗೆ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಎಂಬವನು ರೂಪಿಸಿದ ಪ್ರೈಮಸ್ ಒಲೆಯೇ ಇಂದಿನ ಪಂಪ್ ಸ್ಟವ್ವಿಗೆ ಮೂಲ. ಗಾಳಿಯ ಒತ್ತಡದಿಂದ ಎಣ್ಣೆ ಮೇಲೇರುತ್ತದೆ, ಕಾದ ಬರ್ನರಿನಲ್ಲಿ ಆವಿಯಾಗುತ್ತದೆ, ನಿಪ್ಪಲ್ಲಿನ ಸಣ್ಣ ರಂಧ್ರದಿಂದ ಹೊರಟು ಉರಿಯುತ್ತದೆ. ಪಂಪಿನ ಹಿಡಿ ಬಿಗಿಯಿಲ್ಲದೆ ಹಗುರಾಗಿ ಒಳಗೆ ಹೋದರೆ ಚರ್ಮದ ವಾಶರ್ ಒಣಗಿದೆ ಎಂದರ್ಥ. ಬಿಚ್ಚಿ, ಅಂಚನ್ನು ಬೆರಳಿನಿಂದ ಅಗಲಿಸಿ, ಹೊಲಿಗೆ ಯಂತ್ರದ ಎಣ್ಣೆ ನಾಲ್ಕು ಹನಿ ಹಚ್ಚಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಒತ್ತಿದ ಹಿಡಿ ತಾನಾಗಿ ಮೇಲೆದ್ದು ಬಂದರೆ ಅಥವಾ ಪಂಪಿನ ಕೊಳವೆಯಲ್ಲಿ ಎಣ್ಣೆ ಕಂಡರೆ ತಳದ ವಾಲ್ವು ಸೋರುತ್ತಿದೆ, ಅದನ್ನು ಬದಲಿಸಲೇಬೇಕು.

ಉರಿ ಒಂದು ಕಡೆಗೆ ವಾಲಿದರೆ ಅಥವಾ ಸಣ್ಣದಾದರೆ ನಿಪ್ಪಲ್ಲಿನ ರಂಧ್ರ ಕಟ್ಟಿದೆ. ಅದಕ್ಕೆಂದೇ ಸಿಗುವ ಪಿನ್ನನ್ನು ಬಳಸಬೇಕು. ಕೈಗೆ ಸಿಕ್ಕ ಸೂಜಿ ಚುಚ್ಚಿದರೆ ರಂಧ್ರ ದೊಡ್ಡದಾಗಿ ಉರಿ ಹಳದಿಯಾಗುತ್ತದೆ, ಪಾತ್ರೆಗೆ ಮಸಿ ಹಿಡಿಯುತ್ತದೆ. ಆಮೇಲೆ ಹೊಸ ನಿಪ್ಪಲ್ಲೇ ಗತಿ. ಹೊತ್ತಿಸಿದ ಕೂಡಲೇ ಹಳದಿ ಜ್ವಾಲೆ ಎತ್ತರಕ್ಕೆ ಹಾರಿದರೆ ಬರ್ನರ್ ಸಾಕಷ್ಟು ಕಾದಿಲ್ಲ, ಎಣ್ಣೆ ಆವಿಯಾಗದೆ ಹಸಿಯಾಗಿಯೇ ಬರುತ್ತಿದೆ. ಇಂಥ ಹೊತ್ತಿನಲ್ಲಿ ಇನ್ನೂ ಪಂಪು ಹೊಡೆಯುವುದು ಮಹಾ ಅಪಾಯ. ತಕ್ಷಣ ಗಾಳಿಯ ಸ್ಕ್ರೂ ಸಡಿಲಿಸಿ ಒತ್ತಡ ಇಳಿಸಬೇಕು, ಸ್ಟವ್ ಪೂರ್ತಿ ತಣಿದ ಮೇಲೆ ಸ್ಪಿರಿಟ್ ಹಾಕಿ ಮೊದಲಿನಿಂದ ಕಾಯಿಸಬೇಕು. ಟಾಕಿಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಎಣ್ಣೆ ತುಂಬಬಾರದು. ಗಾಳಿಗೆ ಜಾಗ ಬೇಕು. ಜೋಡಣೆಗಳಿಗೆ ಸಾಬೂನು ನೀರು ಹಚ್ಚಿ ಪಂಪು ಹೊಡೆದರೆ ಸೋರುವ ಜಾಗದಲ್ಲಿ ಗುಳ್ಳೆ ಏಳುತ್ತದೆ. ಈ ಪರೀಕ್ಷೆಯನ್ನು ಸ್ಟವ್ ತಣ್ಣಗಿರುವಾಗ, ಬೆಂಕಿಯಿಂದ ದೂರದಲ್ಲಿ ಮಾಡಬೇಕು.

ಬತ್ತಿ ಸ್ಟವ್ವಿನಲ್ಲಿ ಒತ್ತಡವಿಲ್ಲ, ಆದ್ದರಿಂದ ಅದು ಸೌಮ್ಯ. ಇಂಡಿಯನ್ ಆಯಿಲ್ ಸಂಸ್ಥೆಯ ಸಂಶೋಧನಾ ವಿಭಾಗವು 1970ರ ದಶಕದಲ್ಲಿ ರೂಪಿಸಿದ 'ನೂತನ್' ಸ್ಟವ್ ಕಡಿಮೆ ಎಣ್ಣೆಯಲ್ಲಿ ನೀಲಿ ಉರಿ ಕೊಟ್ಟು ದೇಶದ ತುಂಬ ಹೆಸರಾಯಿತು. ಆದರೆ ಎಂಥ ಒಳ್ಳೆಯ ಸ್ಟವ್ ಆದರೂ ಬತ್ತಿಗಳು ಒಂದೇ ಎತ್ತರದಲ್ಲಿರದಿದ್ದರೆ ಹೊಗೆ ಖಂಡಿತ. ತಿಂಗಳಿಗೊಮ್ಮೆಯಾದರೂ ಕರಿಕಟ್ಟಿದ ತುದಿಯನ್ನು ಕತ್ತರಿಯಿಂದ ಸಮನಾಗಿ ಕತ್ತರಿಸಬೇಕು. ಹೊಸ ಬತ್ತಿ ಹಾಕಿದಾಗ ಅರ್ಧ ತಾಸು ಎಣ್ಣೆ ಹೀರಲು ಬಿಟ್ಟು ಆಮೇಲೆ ಹೊತ್ತಿಸಬೇಕು. ಒಣ ಬತ್ತಿಗೆ ಕಡ್ಡಿ ಗೀರಿದರೆ ಎಣ್ಣೆಯ ಬದಲು ಬತ್ತಿಯೇ ಉರಿದುಹೋಗುತ್ತದೆ. ರಂಧ್ರಗಳಿರುವ ತಗಡಿನ ಕೊಳವೆಗಳು ತಮ್ಮ ಜಾಗದಲ್ಲಿ ನೆಟ್ಟಗೆ ಕೂತಿರಬೇಕು, ರಂಧ್ರಗಳು ಮಸಿಯಿಂದ ಮುಚ್ಚಿರಬಾರದು. ಉರಿ ನೀಲಿಯಾಗಲು ಬೇಕಾದ ಗಾಳಿ ಒಳಗೆ ಬರುವುದು ಅವುಗಳ ಮೂಲಕವೇ. ಆರಿಸುವಾಗ ಬತ್ತಿ ಇಳಿಸಬೇಕು, ಬಾಯಿಂದ ಊದಬಾರದು.

ಇನ್ನು ಎಣ್ಣೆಯ ಮಾತು. 2016ರಿಂದ ಪಡಿತರ ಸೀಮೆಎಣ್ಣೆಯ ಬೆಲೆಯನ್ನು 25 ಪೈಸೆಯಂತೆ ಮೇಲಿಂದ ಮೇಲೆ ಏರಿಸುತ್ತ ಬಂದು, 2020ರ ಹೊತ್ತಿಗೆ ಕೇಂದ್ರದ ಸಹಾಯಧನ ನಿಂತಿತು. ನೀಲಿ ಎಣ್ಣೆ ಮೊದಲಿನಂತೆ ಬರುವುದಿಲ್ಲ. ಹೀಗಾಗಿ ಎಂದೋ ಉಳಿಸಿದ ಎಣ್ಣೆ, ಯಾರೋ ಕೊಟ್ಟ ಎಣ್ಣೆ, ಪಂಪ್‌ಸೆಟ್ಟಿನ ಡೀಸೆಲ್, ಎಲ್ಲವೂ ಒಂದೇ ಡಬ್ಬಿ ಸೇರುತ್ತಿವೆ. ಡೀಸೆಲ್ ಬೆರೆತರೆ ಹೊಗೆಯಾಡುತ್ತದೆ, ಬತ್ತಿ ಕಟ್ಟುತ್ತದೆ. ಪೆಟ್ರೋಲ್ ಬೆರೆತರೆ ಪ್ರಾಣಕ್ಕೇ ಕುತ್ತು. ಒಳ್ಳೆಯ ಸೀಮೆಎಣ್ಣೆಯ ಆವಿಗೆ ಕಿಡಿ ತಗುಲಿ ಹೊತ್ತಿಕೊಳ್ಳಬೇಕಾದರೆ ಎಣ್ಣೆ ಕನಿಷ್ಠ 35 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕೆಂದು ನಮ್ಮ ದೇಶದ ಮಾನಕ ಹೇಳುತ್ತದೆ. ಪೆಟ್ರೋಲ್ ಆವಿಯಾದರೆ ಮಂಜುಗಡ್ಡೆಯ ಚಳಿಯಲ್ಲಿಯೂ ಹೊತ್ತಿಕೊಳ್ಳುತ್ತದೆ. ಗರಗಸ ಯಂತ್ರಕ್ಕೆ, ಕಳೆ ಕತ್ತರಿಸುವ ಯಂತ್ರಕ್ಕೆ ಪೆಟ್ರೋಲ್ ತರುವ ಮನೆಗಳಲ್ಲಿ ಎರಡೂ ಡಬ್ಬಿಗಳು ಒಂದೇ ಬಣ್ಣದವಾಗಿರಬಾರದು, ಒಂದೇ ಜಾಗದಲ್ಲಿರಬಾರದು. ಎಣ್ಣೆಯಲ್ಲಿ ನೀರಿದ್ದರೆ ಉರಿ ಚಟಪಟ ಎನ್ನುತ್ತದೆ. ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ಇಟ್ಟರೆ ನೀರು ತಳಕ್ಕಿಳಿಯುತ್ತದೆ, ಮೇಲಿನ ಎಣ್ಣೆಯನ್ನು ಸೋಸಿಕೊಳ್ಳಬಹುದು. ಕಾಫಿ ಬೆಳೆಯುವ ಸದಸ್ಯರಿಗೆ ಇನ್ನೊಂದು ಮಾತು: ಕಾಫಿ ಬೀಜ ಯಾವ ವಾಸನೆಯನ್ನಾದರೂ ಬೇಗ ಹೀರುತ್ತದೆ. ಚೀಲಗಳಿರುವ ಕೋಣೆಯಲ್ಲಿ ಎಣ್ಣೆ ಡಬ್ಬಿ ಇಡಬೇಡಿ.

ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಮನಸ್ಸನ್ನು ಕಾಡುತ್ತಿರುವುದು ಕೋಣೆ ಬೆಚ್ಚಗಿಡಲು ಸ್ಟವ್ ಬಳಸುವ ರೂಢಿ. ಬಾಣಂತಿಯ ಕೋಣೆಗೆ ಕೆಂಡದ ಅಗ್ಗಿಷ್ಟಿಗೆ ಇಡುವುದು ಹಿಂದಿನಿಂದ ಬಂದದ್ದು. ಆಗ ಮಾಡು ಹಂಚಿನದು. ಸಂದಿಗಳಿಂದ ಗಾಳಿ ಆಡುತ್ತಿತ್ತು. ಈಗ ಆರ್‌ಸಿಸಿ ಮನೆ, ಗಾಜಿನ ಕಿಟಕಿ, ಭದ್ರ ಬಾಗಿಲು. ಅದರೊಳಗೆ ಕೆಂಡವಿರಲಿ, ಸ್ಟವ್ವಿರಲಿ, ಉರಿಯುತ್ತ ಹೋದಂತೆ ಉಸಿರಾಡುವ ಗಾಳಿ ತೀರಿ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಹೊಟ್ಟೆ ತೊಳೆಸುವುದು, ಮಂಪರು, ಇಷ್ಟೇ ಸೂಚನೆ. ನಿದ್ದೆಯಲ್ಲಿರುವ ತಾಯಿಗೂ ಕೂಸಿಗೂ ಅದೂ ತಿಳಿಯುವುದಿಲ್ಲ. ಜಪಾನಿನಲ್ಲಿ ಕೋಣೆ ಕಾಯಿಸಲೆಂದೇ ಸೀಮೆಎಣ್ಣೆಯ ಹೀಟರುಗಳಿವೆ. ನೆಲ ನಡುಗಿದರೆ ತಾವಾಗಿ ಆರುವಂತೆ ಅವನ್ನು ಮಾಡಿರುತ್ತಾರೆ. ಅಂಥವನ್ನು ಉರಿಸುವಾಗಲೂ ತಾಸಿಗೆ ಒಂದೆರಡು ಸಲ ಕಿಟಕಿ ತೆರೆಯಬೇಕೆಂದು ಅಲ್ಲಿಯ ಜನರಿಗೆ ಎಚ್ಚರಿಕೆಯಿದೆ. ನಮ್ಮದು ಅಡಿಗೆಯ ಸ್ಟವ್. ಅದನ್ನು ಮಲಗುವ ಕೋಣೆಗೆ ಒಯ್ಯಲೇಬಾರದು. ಕೂಸಿಗೆ ತಾಯಿಯ ಮೈಯ ಬಿಸಿ ಮತ್ತು ಒಣಗಿದ ದುಪ್ಪಟಿ ಬೇಕು, ಹೊಗೆಯಲ್ಲ.

ಬಟ್ಟೆ ಒಣಗಿಸಲು ಸ್ಟವ್ ಹಚ್ಚುವವರೂ ಇದ್ದಾರೆ. ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಕೋಣೆ ಸೇರುತ್ತದೆಂದು ಅವರು ತಿಳಿಯಲಿ. ಮುಚ್ಚಿದ ಕೋಣೆಯ ಗೋಡೆ ಬೆವರುವುದು ಇದರಿಂದಲೇ.

ಇಷ್ಟಾದರೂ ಬೆಂಕಿ ಹತ್ತಿದರೆ ಉರಿಯುವ ಎಣ್ಣೆಗೆ ನೀರು ಸುರಿಯಬಾರದು. ಎಣ್ಣೆ ನೀರಿನ ಮೇಲೆ ತೇಲಿ ಬೆಂಕಿ ಹರಡುತ್ತದೆ. ಉಸುಕು ಅಥವಾ ಚೆನ್ನಾಗಿ ತೊಯ್ಸಿದ ಗೋಣಿಚೀಲ ಮುಚ್ಚಬೇಕು. ಮೈ ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಬೇಕು. ಮಸಿ, ಪೇಸ್ಟು, ಅರಿಸಿನ ಹಚ್ಚುತ್ತ ಕೂಡ್ರದೆ 108ಕ್ಕೆ ಕರೆ ಮಾಡಬೇಕು. ಇಲ್ಲಿಂದ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆ ಹತ್ತಿರವೇನಲ್ಲ.

'ಇದರಲ್ಲಿ ಸಂಘದ ಕೆಲಸವೇನು? ಸಂಘ ಗೊಬ್ಬರ ಮಾರಲಿ, ಅಡಿಕೆ ಕೊಳ್ಳಲಿ' ಎನ್ನುವವರಿಗೆ ನಮ್ಮ ಉತ್ತರ ಇಷ್ಟೇ. ಔಷಧ ಪಂಪಿನ ವಾಶರ್, ನಾಜಲ್ ಮಾರುವ ಸಂಘಕ್ಕೆ ಸ್ಟವ್ವಿನ ವಾಶರ್, ಪಿನ್ನು, ಬತ್ತಿ ಇಡುವುದು ಭಾರವಲ್ಲ. ಸಂತೆಯಲ್ಲಿ ಸಿಗುವ ಗುರುತಿಲ್ಲದ ಮಾಲಿಗಿಂತ ಅಳತೆಗೆ ಸರಿಯಾದ ಮಾಲು ಸದಸ್ಯರಿಗೆ ಸಿಗಲಿ. ಮೃಗಶಿರ ಮಳೆಗೆ ಮೊದಲು ಒಂದು ದಿನ ಗೊತ್ತುಮಾಡಿ, ಪಂಪು ಮತ್ತು ಸ್ಟವ್ ಎರಡನ್ನೂ ಸಂಘದ ಅಂಗಳಕ್ಕೆ ತರಿಸಿ, ಕೆಲಸ ಬಲ್ಲ ಮಿಸ್ತ್ರಿಯಿಂದ ನೋಡಿಸೋಣ. ಆ ದಿನ ಮನೆಯ ಹೆಣ್ಣುಮಕ್ಕಳೂ ಬರಲಿ. ವಾಶರ್ ಬಿಚ್ಚುವುದನ್ನು ಅವರೇ ಕಲಿಯಲಿ. ಉರಿಯ ಮುಂದೆ ಕೂಡ್ರುವವರು ಅವರೇ. ಕೂಲಿ ಕುಟುಂಬಗಳ ಸ್ಟವ್ವುಗಳನ್ನು ತರಿಸುವ ಹೊಣೆ ಆಯಾ ತೋಟದ ಯಜಮಾನರದು. ನಮ್ಮ ಮರ ಹತ್ತುವವನಿಗೆ ಹಗ್ಗ ಗಟ್ಟಿಯಿದೆಯೇ ಎಂದು ನೋಡುವ ನಾವು ಅವನ ಹೆಂಡತಿ ಮುಟ್ಟುವ ಸ್ಟವ್ ಸೋರುತ್ತದೆಯೇ ಎಂದು ನೋಡಬಾರದೇಕೆ?

ಈ ಸಲಹೆಯನ್ನು ವಾರ್ಷಿಕ ಸಾಮಾನ್ಯ ಸಭೆಯ ಮುಂದೆ ಇಡಲಿದ್ದೇವೆ. ಸದಸ್ಯರು ತಪ್ಪದೆ ಹಾಜರಾಗಿ ಪರವಾಗಿಯೋ ವಿರೋಧವಾಗಿಯೋ ಮಾತಾಡಬೇಕು. ಸಭೆಯ ತೀರ್ಮಾನ ಏನೇ ಆಗಲಿ, ಈ ವಾರವೇ ಅಟ್ಟದ ಮೇಲಿನ ಸ್ಟವ್ ಇಳಿಸಿ ವಾಶರ್ ನೋಡಿರಿ. ಅದಕ್ಕೆ ಠರಾವು ಬೇಕಿಲ್ಲ.