ಮಗು ಸೊರಗಿದರೆ ತುಪ್ಪವೊಂದೇ ಮದ್ದಲ್ಲ

ಮಗು ಮೈ ಹಿಡಿಯುತ್ತಿಲ್ಲ ಎಂದರೆ ನಮ್ಮ ಮನೆಗಳಲ್ಲಿ ಮೊದಲು ಸಿಗುವ ಸಲಹೆ, ‘ಇನ್ನೊಂದು ಚಮಚ ತುಪ್ಪ ಹಾಕಿ’. ಆದರೆ ಅಬೀಟಾಲಿಪೊಪ್ರೊಟೀನೀಮಿಯಾ ಎಂಬ ಅಪರೂಪದ ಆನುವಂಶಿಕ ಕಾಯಿಲೆ ಇರುವ ಮಗುವಿಗೆ ಅದೇ ತುಪ್ಪ ಭೇದಿ ಹೆಚ್ಚಿಸುತ್ತದೆ.

ಬಿಇ ಓದುವ ನನಗೆ ಇದು ಸಾಗಣೆಯ ಸಮಸ್ಯೆಯಾಗಿ ಅರ್ಥವಾಯಿತು. ಕೊಬ್ಬು ತಾನಾಗಿ ರಕ್ತದಲ್ಲಿ ಸಾಗದು. ಕರುಳು ಮತ್ತು ಯಕೃತ್ತಿನಲ್ಲಿ ಎಂಟಿಪಿ ಎಂಬ ಪ್ರೊಟೀನ್ ಅದನ್ನು ವಾಹಕ ಕಣಗಳಿಗೆ ತುಂಬಬೇಕು. ತಂದೆ, ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದರೆ ಈ ಕೆಲಸ ನಿಲ್ಲುತ್ತದೆ. ಕೊಬ್ಬಿನೊಂದಿಗೆ ಸಾಗಬೇಕಾದ ವಿಟಮಿನ್ ಇ ಕೂಡ ದೇಹಕ್ಕೆ ಸಿಗದು. ಚಿಕಿತ್ಸೆ ಸಿಗದಿದ್ದರೆ ವರ್ಷಗಳು ಕಳೆದಂತೆ ನಡಿಗೆ ತಪ್ಪುತ್ತದೆ, ದೃಷ್ಟಿ ಮಂಕಾಗುತ್ತದೆ.

1950ರಲ್ಲಿ ಅಮೆರಿಕದ ವೈದ್ಯರಾದ ಬಾಸನ್ ಮತ್ತು ಕಾರ್ನ್‌ಜ್ವೈಗ್ ಇದನ್ನು ಮೊದಲು ವರದಿ ಮಾಡಿದ್ದು 18 ವರ್ಷದ ಹುಡುಗಿಯಲ್ಲಿ. ಆಕೆಯ ತಂದೆ ತಾಯಿ ಹತ್ತಿರದ ರಕ್ತಸಂಬಂಧಿಗಳು. ಸೋದರಿಕೆಯ ಮದುವೆ ನಮ್ಮಲ್ಲೂ ಹೊಸದಲ್ಲ. ಹಾಗೆಂದು ಹೆತ್ತವರನ್ನು ದೂರಿ ಫಲವಿಲ್ಲ. ಬೇಕಿರುವುದು ಬೇಗನೆ ಗುರುತಿಸುವುದು.

ಕೊಲೆಸ್ಟ್ರಾಲ್ ಪರೀಕ್ಷೆ ವಯಸ್ಸಾದವರಿಗೆ, ಅದು ಕಡಿಮೆ ಇದ್ದಷ್ಟೂ ಒಳ್ಳೆಯದು ಎಂದುಕೊಂಡಿದ್ದೇವೆ. ಸೊರಗಿದ ಹಸುಗೂಸಿನಲ್ಲಿ ಅದು ತೀರಾ ಕಡಿಮೆ ಇದ್ದರೆ ಅದೇ ಸುಳಿವು. ಕೊಬ್ಬು ಮಿತಿಗೊಳಿಸಿದ ಆಹಾರ, ವೈದ್ಯರ ನಿಗಾದಲ್ಲಿ ಹೆಚ್ಚಿನ ಪ್ರಮಾಣದ ವಿಟಮಿನ್ ಇ, ಎ ಬೇಗ ಆರಂಭವಾದರೆ ನರ ಮತ್ತು ಕಣ್ಣುಗಳ ಹಾನಿಯನ್ನು ಬಹುಮಟ್ಟಿಗೆ ತಡೆಯಬಹುದು.

ಗೆಳೆಯರೇ, ಅಕ್ಕನ ಮಗುವೋ ನೆರೆಮನೆಯ ಮಗುವೋ ತೂಕ ಏರದೆ, ಜಿಡ್ಡಿನ ಭೇದಿಯಿಂದ ಬಳಲುತ್ತಿದ್ದರೆ ನಾವು ಸಲಹೆ ಕೊಡುವುದು ಬೇಡ. ಮಕ್ಕಳ ವೈದ್ಯರ ಬಳಿ ಕರೆದೊಯ್ಯಲು ಜೊತೆಯಾಗೋಣ.