ಯಂತ್ರದ ಜತೆ ಭೌತವಿಜ್ಞಾನಿಯೂ ಬೇಕು

ಮೂರು ವರ್ಷಗಳೊಳಗೆ ಎಲ್ಲ ಜಿಲ್ಲಾಸ್ಪತ್ರೆಗಳಲ್ಲಿ ಕ್ಯಾನ್ಸರ್ ಡೇ ಕೇರ್ ಕೇಂದ್ರ ತೆರೆಯುವುದಾಗಿ 2025–26ರ ಕೇಂದ್ರ ಬಜೆಟ್ ಘೋಷಿಸಿತು. ಯಾದಗಿರಿ ಜಿಲ್ಲೆಗೂ ಇದು ಒಳ್ಳೆಯ ಸುದ್ದಿ. ಆದರೆ ಡೇ ಕೇರ್‌ನಲ್ಲಿ ಮುಖ್ಯವಾಗಿ ಸಿಗುವುದು ಕಿಮೊಥೆರಪಿ. ವಿಕಿರಣ ಚಿಕಿತ್ಸೆ ಬೇಕಾದರೆ ನಮ್ಮ ಸಗರನಾಡಿನವರು ಕಲಬುರಗಿಯಂಥ ದೊಡ್ಡ ಊರಿಗೇ ಹೋಗಬೇಕು. ಅದೂ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಹಲವು ವಾರ. ಕೂಲಿ ಬಿಟ್ಟು ಅಷ್ಟು ದಿನ ಓಡಾಡುವುದು ಸುಲಭವಲ್ಲ.

ಹಾಗಾದರೆ ಇಲ್ಲಿಗೇ ಯಂತ್ರ ತಂದರೆ ಸಾಕೇ? ಸಾಲದು. ಎಷ್ಟು ಡೋಸ್ ಎಂದು ವೈದ್ಯರು ನಿರ್ಧರಿಸುತ್ತಾರೆ. ಅದು ಗಡ್ಡೆಗೆ ತಲುಪಿ, ಪಕ್ಕದ ಅಂಗಗಳಿಗೆ ಆದಷ್ಟು ಕಡಿಮೆ ತಾಗುವಂತೆ ಲೆಕ್ಕ ಹಾಕುವವರು, ಯಂತ್ರವನ್ನು ಅಳೆದು ಪರೀಕ್ಷಿಸುವವರು ವೈದ್ಯಕೀಯ ಭೌತವಿಜ್ಞಾನಿಗಳು. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ. ಅದರ ಶಕ್ತಿ ತಿಂಗಳಿಗೆ ಸುಮಾರು ಶೇ 1ರಷ್ಟು ಕುಂದುತ್ತದೆ. ವರ್ಷದ ಹಿಂದಿನ ಲೆಕ್ಕದಲ್ಲೇ ಚಿಕಿತ್ಸೆ ಕೊಟ್ಟರೆ ರೋಗಿಗೆ ಶೇ 12ರಷ್ಟು ಡೋಸ್ ಕಡಿಮೆಯಾಗುತ್ತದೆ, ಗಡ್ಡೆ ಉಳಿದುಬಿಡಬಹುದು. ಅದಕ್ಕೇ ಇವರಿಲ್ಲದೆ ವಿಕಿರಣ ಚಿಕಿತ್ಸಾ ಘಟಕ ನಡೆಸಲು ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮ ಬಿಡುವುದಿಲ್ಲ.

ನಾನು ಓದುತ್ತಿರುವ ಬಿ.ಇ.ಯಿಂದ ಈ ಹುದ್ದೆಗೆ ನೇರ ದಾರಿಯಿಲ್ಲ. ಭೌತವಿಜ್ಞಾನ ಇರುವ ಬಿ.ಎಸ್ಸಿ. ಬೇಕು. ನಂತರ ವೈದ್ಯಕೀಯ ಭೌತವಿಜ್ಞಾನದಲ್ಲಿ ಎಂ.ಎಸ್ಸಿ., ಇಲ್ಲವೇ ಭೌತವಿಜ್ಞಾನದ ಎಂ.ಎಸ್ಸಿ. ಮುಗಿಸಿ ಆ ವಿಷಯದ ಡಿಪ್ಲೊಮಾ. ಆಮೇಲೆ ಆಸ್ಪತ್ರೆಯಲ್ಲಿ 12 ತಿಂಗಳ ಇಂಟರ್ನ್‌ಷಿಪ್.

‘ಬಿ.ಎಸ್ಸಿ. ಮಾಡಿ ಏನು ಮಾಡ್ತೀಯ?’ ಎಂಬ ಪ್ರಶ್ನೆಗೆ ಇದೂ ಒಂದು ಉತ್ತರ. ಪಿಯುಸಿಯಲ್ಲೇ ಈ ಮಾಹಿತಿ ಸಿಗಬೇಕು. ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ವಿದ್ಯಾರ್ಥಿವೇತನ ಕೊಟ್ಟು ಈಗಲೇ ತರಬೇತಿ ಶುರುಮಾಡಿದರೆ, ಯಂತ್ರ ಬರುವ ಹೊತ್ತಿಗೆ ನಮ್ಮವರೇ ಸಿದ್ಧರಿರುತ್ತಾರೆ.